ಬಣ್ಣ ಹಚ್ಚದ ಹೆಂಗಸರು

ದೇವರ ದುಃಖವನ್ನು ಮನುಷ್ಯರ ಮಕ್ಕಳಿಗೆ ತಿಳಿಸಿಕೊಡುವುದಕ್ಕಿಂತ ಗಂಭೀರವಾದ ಕಾರ್ಯ ಈ ಭೂಮಿಯ ಮೇಲೆ ಇನ್ನೊಂದಿಲ್ಲ. ನಮ್ಮ ಎಸ್ಟೇಟಿನಲ್ಲಿ ಆ ಕಾರ್ಯಕ್ಕೆ ಮುಖ್ಯವಾಗಿ ಬೇಕಾಗುತ್ತಿದ್ದುದು ಒಂದು ಬುಟ್ಟಿ ಬಸಳೆ ಹಣ್ಣು. ಅವನ್ನು ಹಿಚುಕಿ ಹಿಚುಕಿ ಟೀಚರಮ್ಮನ ಹತ್ತು ಬೆರಳೂ ಉಗುರಿನ ಬುಡದವರೆಗೆ ನೇರಳೆಯಾಗಿರುತ್ತಿದ್ದವು. ಮೊದಲ ಸಲ ನೋಡಿದವರು, ಈ ಹೆಂಗಸು ಯಾರನ್ನೋ ಕೊಂದು ಬಂದಿದ್ದಾಳೆ, ಸತ್ತವನ ರಕ್ತ ಮಾತ್ರ ಯಾಕೋ ಸರಿಯಿರಲಿಲ್ಲ ಎಂದುಕೊಳ್ಳಬೇಕು.

ಬ್ರಿಟಿಷರ ಕಾಲ. ಸುಂಟಿಕೊಪ್ಪದಾಚೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವವನು. ಗೋಣಿಚೀಲ ಒಟ್ಟುತ್ತಿದ್ದ ಹಳೇ ಶೆಡ್ಡನ್ನು ದೊರೆ ಎರಡು ಮಾಡಿ, ಒಂದು ಪಾಲಿನಲ್ಲಿ ನನ್ನನ್ನೂ ಇನ್ನೊಂದರಲ್ಲಿ ಮಿಷನ್ನಿನವರ ಶಾಲೆಯನ್ನೂ ಇಟ್ಟಿದ್ದರು. ನಡುವೆ ಬಿದಿರಿನ ತಟ್ಟಿ. ಶಾಲೆಯ ಹಿಂದಿನ ಕೋಣೆಯೇ ಟೀಚರಮ್ಮನ ಮನೆ. ಮಂಗಳೂರಿನ ಕಡೆಯವರು. ಗಂಡನಿಲ್ಲ, ಮಕ್ಕಳಿಲ್ಲ, ಹೋಗೋಣವೆಂದರೆ ಬೇರೆ ಮನೆಯೂ ಇಲ್ಲ.

ಅವರು ಕುಳಿತದ್ದನ್ನು ನಾನು ಕಂಡವನಲ್ಲ. ಪಾಠ ಹೇಳುವಾಗಲೂ ಆ ಗೋಡೆಯಿಂದ ಈ ತಟ್ಟಿಗೆ, ಈ ತಟ್ಟಿಯಿಂದ ಆ ಗೋಡೆಗೆ. ಆ ಚಪ್ಪಲಿಯ ಸದ್ದಿಗೆ ನನ್ನ ಕೈಯ ಲೇಖನಿಯೂ ಹೆಜ್ಜೆ ಹಾಕುತ್ತಿತ್ತು. "ಸ್ವಲ್ಪ ಕೂತ್ಕೊಳ್ಳಿ ತಾಯಿ, ನೆಲ ಸವೀತದೆ" ಎಂದರೆ, "ನೆಲ ನಿಮ್ಮ ದೊರೆಯದ್ದು, ಸವೆಯಲಿ ಬಿಡಿ" ಎನ್ನುತ್ತಿದ್ದರು.

ಲೈನಿನ, ಅಂದರೆ ಆಳುಗಳ ಸಾಲುಮನೆಗಳ, ಮಕ್ಕಳಿಗೆ ತಲೆಗೊಂದು ಭಾಷೆ. ಕನ್ನಡ, ತಮಿಳು, ಮಲಯಾಳ ಎಲ್ಲವೂ ಸೇರಿ ತರಗತಿ ಸಂತೆಯಂತಿರುತ್ತಿತ್ತು. ಕ್ರೈಸ್ತರ ಮಕ್ಕಳು ಬೆರಳೆಣಿಕೆಯಷ್ಟು. ಆದ್ದರಿಂದ ಟೀಚರಮ್ಮ ಮಾತಿನ ಮೇಲಿನ ನಂಬಿಕೆ ಬಿಟ್ಟು ಬಣ್ಣ ಹಿಡಿದಿದ್ದರು. ಚಿತ್ರದ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ತೂತುಗಳ ಮೇಲೆ ಇದ್ದಿಲ ಪುಡಿಯ ಗಂಟು ತಟ್ಟಿದರೆ ಕೆಳಗಿನ ಹಾಳೆಯಲ್ಲಿ ಚಿತ್ರ ಮೂಡುತ್ತಿತ್ತು. ನನ್ನ ಆಫೀಸಿನ ರದ್ದಿ ಕಾಗದದ ಹಿಂಬದಿಗೆ ಹೀಗೆ ಮೋಕ್ಷ ಸಿಕ್ಕಿತು. ಉಪವಾಸದ ವಾರಗಳಿಗೆ ಬಸಳೆಯ ನೇರಳೆ, ಏಸು ಸತ್ತ ಶುಕ್ರವಾರಕ್ಕೆ ಇದ್ದಿಲು, ಎದ್ದು ಬಂದ ಭಾನುವಾರಕ್ಕೆ ಅರಿಸಿನ. "ಬಾಯಲ್ಲಿ ಹೇಳಿದ್ದು ಸಂಜೆಗೆ ಹೋಗ್ತದೆ ರೈಟರೇ, ಕೈಯಲ್ಲಿ ಬಳಿದದ್ದು ಹೋಗುದಿಲ್ಲ" ಎಂಬುದು ಅವರ ಸಿದ್ಧಾಂತ. ಬೆರಳುಗಳನ್ನು ನೋಡಿದವರು ಅದನ್ನು ಅಲ್ಲಗಳೆಯುವಂತಿರಲಿಲ್ಲ.

ಒಂದು ವರ್ಷ, ಆ ಉಪವಾಸ ಶುರುವಾಗುವ ಬೂದಿ ಬುಧವಾರದಿಂದಲೇ ಗ್ರಹಚಾರ ತಿರುಗಿತು. ಮಂಡಿಯೂರಿದ ಮುದುಕನ ಹಣೆಗೆ ಪಾದ್ರಿ ಬೂದಿ ಹಚ್ಚುವ ಚಿತ್ರ. "ಬೂದಿ ಬಳೀರಿ" ಎಂದರು ಟೀಚರಮ್ಮ. ಮಕ್ಕಳು ಬಳಿದರು, ಮೂರು ಅಡ್ಡಗೆರೆ, ಹದವಾಗಿ. ತಿಂಗಳಿಗೊಮ್ಮೆ ಕುದುರೆಯ ಮೇಲೆ ಬರುತ್ತಿದ್ದ ಬಿಳಿಯ ಪಾದ್ರಿಗಳು ಕನ್ನಡವನ್ನು ನಿಘಂಟಿನಿಂದ ಕಲಿತವರು. ಬಹಳ ಹೊತ್ತು ನೋಡಿ ಕೇಳಿದರು:

"ಈ ವೃದ್ಧನು ಯಾವ ಮತಕ್ಕೆ ಸೇರಿದವನು?"

ತಟ್ಟಿಯ ಈಚೆ ಹಣೆಯ ತುಂಬ ವಿಭೂತಿ ಧರಿಸಿ ಕುಳಿತಿದ್ದ ನನಗೆ ಕೆಮ್ಮು ಬಂತು.

"ಇಲ್ಲಿಯ ಮಕ್ಕಳಿಗೆ ಬೂದಿ ಅಂದರೆ ಹಾಗೇ, ಸ್ವಾಮಿ" ಎಂದರು ಟೀಚರಮ್ಮ.

ಪಾದ್ರಿಗಳು ಕೆಟ್ಟವರಲ್ಲ, ಆದರೆ ನಗುವವರೂ ಅಲ್ಲ. "ಶುಭ ಶುಕ್ರವಾರದ ಚಿತ್ರವನ್ನು ಆ ವಾರದ ಬುಧವಾರ ಬಂದು ಪರೀಕ್ಷಿಸುವೆನು. ಇದು ಕೇವಲ ಆಟವೆಂದು ಕಂಡುಬಂದರೆ ಶಾಲೆಯನ್ನು ನಿಲ್ಲಿಸುವುದು ಉಚಿತ" ಎಂದು ಕುದುರೆ ಹತ್ತಿದರು. ಸುದ್ದಿ ತಿಳಿದ ದೊರೆ, ಶಾಲೆ ಹೋದರೆ ಚೀಲಕ್ಕೆ ಜಾಗವಾಯಿತು ಎಂದರು.

ಅಲ್ಲಿಂದ ಟೀಚರಮ್ಮನ ನಡಿಗೆ ದುಪ್ಪಟ್ಟಾಯಿತು. ಹೂಮಳೆ ಬಾರದೆ ಕಾಫಿಯ ಮೊಗ್ಗು ಬಿರಿಯದ ದಿನಗಳು ಬೇರೆ. ದೊರೆ ವರಾಂಡದಲ್ಲಿ ಶತಪಥ, ಆಳುಗಳ ಮೇಸ್ತ್ರಿ ತೋಟದಲ್ಲಿ, ಇವರು ಶಾಲೆಯಲ್ಲಿ. ಕುಳಿತು ಕೆಲಸ ಮಾಡಿದ ಪಾಪಿ ನಾನೊಬ್ಬನೇ.

ಪಾದ್ರಿಗಳು ಬರುವ ಹಿಂದಿನ ಸಂಜೆ ತಟ್ಟಿಯಾಚೆಯಿಂದ ಕರೆ ಬಂತು. "ರೈಟರೇ, ಒಮ್ಮೆ ಬನ್ನಿ ಮಾರಾಯ್ರೆ."

ಗೋಡೆಗೆ ಚಿತ್ರಗಳನ್ನು ಸಾಲಾಗಿ ಅಂಟಿಸಿದ್ದರು. ಶಿಲುಬೆ, ಆಕಾಶಕ್ಕೆ ಗಾಢವಾದ ಇದ್ದಿಲು, ಸಿಪಾಯಿಗಳಿಗೆ ಮಡಿಕೇರಿ ಪೊಲೀಸರ ಕೆಂಪು ಪೇಟ. ಶಿಲುಬೆಯ ಬುಡದಲ್ಲಿ ಏಸುವಿನ ತಾಯಿ ಮತ್ತಿಬ್ಬರು ಹೆಂಗಸರು. ಅವರಿಗೆ ಮಾತ್ರ ಒಂದು ಮಗುವೂ ಬಣ್ಣ ಹಚ್ಚಿರಲಿಲ್ಲ. ಬರಿಯ ಕಾಗದ.

"ಕಪ್ಪು ಹಾಕಿ ಅಂತ ಎರಡು ಸಲ ಹೇಳಿದೆ. ಹೂಂ ಅಂದವು, ಹಾಕ್ಲಿಲ್ಲ. ಯಾಕೆ ಅಂತ ಆಮೇಲೆ ನನಗೇ ಹೊಳೆಯಿತು. ಪಾದ್ರಿಗಳಿಗೆ ಹೊಳೀಬೇಕಲ್ಲ?" ಅವರ ಕೈಯಲ್ಲಿ ಇದ್ದಿಲ ತುಂಡಿತ್ತು. ಚಿತ್ರದವರೆಗೆ ಹೋಗುವರು, ಹಿಂದೆ ಬರುವರು.

"ನೀವೇ ಬಳಿದುಬಿಡಿ ತಾಯಿ. ಕ್ಷಣದ ಕೆಲಸ" ಎಂದೆ. ಲೌಕಿಕ ಸಲಹೆ ಕೊಡುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ.

"ಬಳೀಬಹುದು. ಶಾಲೆ ಉಳಿಯುತ್ತದೆ, ಕೋಣೆ ಉಳಿಯುತ್ತದೆ. ನಾಳೆ ಬೆಳಿಗ್ಗೆ ಮಕ್ಕಳು ಬಂದು ನೋಡ್ತಾವಲ್ಲ, ಆಗ ನಾನು ಎಂತ ಹೇಳುದು?"

ಇದ್ದಿಲನ್ನು ಹಿಂದಿನ ಕೋಣೆಯ ಒಲೆಗೆ ಎಸೆದರು. ಅವರ ಸಿಟ್ಟಿಗೆ ಒಲೆಯೂ ಕಾಯುತ್ತಿದ್ದ ಹಾಗೆ ಭಗ್ಗೆಂದಿತು.

ಮರುದಿನ ಪಾದ್ರಿಗಳು ಕೈ ಹಿಂದೆ ಕಟ್ಟಿಕೊಂಡು ಗೋಡೆಯುದ್ದಕ್ಕೂ ನಡೆದರು. ಟೀಚರಮ್ಮ ಅವರ ಹಿಂದೆ, ಮೊದಲ ಸಲ ಬೇರೊಬ್ಬರ ಹೆಜ್ಜೆಯ ಲೆಕ್ಕಕ್ಕೆ.

"ಈ ಸ್ತ್ರೀಯರು ಏಕೆ ಅಪೂರ್ಣರಾಗಿದ್ದಾರೆ?"

ಮುಂದಿನ ಸಾಲಿನ ಒಬ್ಬಳು ಹುಡುಗಿ, ಕಾಫಿ ಹಣ್ಣಿನ ಪಿಕ್ಕಿಂಗಿಗೆ ಹೋಗುವ ಮುದುಕಿಯೊಬ್ಬಳ ಮೊಮ್ಮಗಳು, ಪಾದ್ರಿಗಳಿಗೆ ಇಷ್ಟೂ ತಿಳಿಯದೇ ಎಂಬ ಮುಖದಲ್ಲಿ ಎದ್ದು ನಿಂತಳು.

"ಆಯಮ್ಮಂಗೆ ಮಗ ಸತ್ತೋಗವ್ನಲ್ಲ, ಇನ್ಯಾಕೆ ಬಣ್ಣ? ಬಿಳಿ ಸೀರೆ ಅದು."

"ಯಾರು ಕಲಿಸಿದರು ನಿನಗೆ?" ಪಾದ್ರಿಗಳ ಕಣ್ಣು ಟೀಚರಮ್ಮನ ಮೇಲಿತ್ತು.

"ಯಾರೂ ಇಲ್ಲ. ನಮ್ಮಪ್ಪ ಜ್ವರದಾಗೆ ಹೋದಾಗ ನಮ್ಮಜ್ಜಿ ಹಿಂಗೇ ಕೂತಿದ್ಲು." ಸ್ವಲ್ಪ ಯೋಚಿಸಿ ಸೇರಿಸಿದಳು: "ಪೊಲೀಸ್ನೋರು ಬಂದಿರ್ಲಿಲ್ಲ."

ಪಾದ್ರಿಗಳಿಗೆ ನಿಘಂಟಿನಲ್ಲಿ ಆ ಹೊತ್ತಿಗೆ ತಕ್ಕ ಪದ ಸಿಗಲಿಲ್ಲವೋ, ಬೇಕಾಗಲಿಲ್ಲವೋ ಹೇಳಲಾರೆ. ಸಾಲಿನ ಮೊದಲಿಗೆ ಹಿಂದಿರುಗಿ, ಪ್ರತಿಯೊಂದು ಚಿತ್ರದ ಮುಂದೆಯೂ ಇನ್ನೊಮ್ಮೆ ನಿಂತರು. ನಾನು ಕೊಟ್ಟ ಕಾಫಿ ಆರಿ ಕೆನೆ ಕಟ್ಟಿತು. ಹೊರಡುವಾಗ ಟೀಚರಮ್ಮನಿಗೆ ಇಷ್ಟೇ ಹೇಳಿದರು: "ಮುಂದಿನ ವರ್ಷ ಸಿಪಾಯಿಗಳ ಪೇಟವನ್ನು ತೆಗೆಸಿರಿ."

ಕುದುರೆಯ ಸದ್ದು ಮರೆಯಾದ ಮೇಲೆ, ಈಗಲಾದರೂ ಕುಳಿತಾರು ಎಂದು ನಾನು ಸ್ಟೂಲು ತಂದಿಟ್ಟೆ. ಅವರು ಅದರ ಮೇಲೆ ಅರಿಸಿನದ ಬಟ್ಟಲು ಇಟ್ಟು, "ಭಾನುವಾರಕ್ಕೆ ಸಾಲುದಿಲ್ಲ ರೈಟರೇ, ಕುಶಾಲನಗರಕ್ಕೆ ಹೋಗುವ ಗಾಡಿಯವನಿಗೆ ಸ್ವಲ್ಪ ಹೇಳಿ" ಎಂದು ಮತ್ತೆ ನಡೆಯತೊಡಗಿದರು.

ಹಲವು ವರ್ಷಗಳ ನಂತರ ಒಂದು ಮಳೆಗಾಲದಲ್ಲಿ ಟೀಚರಮ್ಮ ಜ್ವರ ಬಂದು ಅದೇ ಕೋಣೆಯಲ್ಲಿ ತೀರಿಕೊಂಡರು. ಅಲ್ಲಿಯವರೆಗೆ ಶಾಲೆ ನಡೆಯಿತು. ಆಮೇಲೆ ಮಿಷನ್ನಿನವರು ಬೇರೆ ಟೀಚರನ್ನು ಕಳಿಸಲಿಲ್ಲ, ದೊರೆ ಅಲ್ಲಿ ಚೀಲ ಒಟ್ಟಿಸಿದರು.