ಹನ್ನೊಂದನೆಯ ಸಾಲಿನ ‘ಮೇಲಿನಂತೆ’

ಕೋವಿಡ್‌ನ ಗಲಾಟೆ ಅಡಗಿದ ಮರುವರ್ಷದ ಮಾತು. ನಾನು ನಾಗರಬಾವಿ ಹತ್ತಿರದ ಒಂದು ಸಂಶೋಧನಾ ಕೇಂದ್ರದಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್ ಆಗಿದ್ದೆ. ಈಗಲೂ ಅದೇ ಹುದ್ದೆ, ಅದೇ ಮೇಜು. ರೇಡಿಯೊ ದೂರದರ್ಶಕದಿಂದ ಬಂದ ಡೇಟಾವನ್ನು ಹಸನು ಮಾಡಿ ಸಂಶೋಧಕರಿಗೆ ಕೊಡುವುದು ನನ್ನ ಕೆಲಸ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆಯೇ. ಮೊಬೈಲ್ ಟವರ್, ವಿಮಾನ, ಉಪಗ್ರಹಗಳ ಸದ್ದು ಸೇರಿಕೊಂಡ ಭಾಗಗಳನ್ನು ತೆಗೆದುಹಾಕಿ, ಏನು ತೆಗೆದೆ, ಏನು ಉಳಿಸಿದೆ ಎಂದು ಒಂದು ಪುಸ್ತಕದಲ್ಲಿ ಸಾಲಾಗಿ ಬರೆದಿಡುತ್ತೇನೆ.

ಆಗ ನಡೆಯುತ್ತಿದ್ದುದು ಹತ್ತಿರದ ಗ್ಯಾಲಕ್ಸಿಗಳಲ್ಲಿರುವ ಹೈಡ್ರೋಜನ್ ಮೋಡಗಳ ನಕ್ಷೆ. ತಣ್ಣಗಿನ ಹೈಡ್ರೋಜನ್ ಅನಿಲ ಕಣ್ಣಿಗೆ ಕಾಣುವುದಿಲ್ಲ. ಇಪ್ಪತ್ತೊಂದು ಸೆಂಟಿಮೀಟರ್ ಉದ್ದದ ರೇಡಿಯೊ ಅಲೆಯಿಂದ ಅದನ್ನು ಗುರುತಿಸಬೇಕು. ಆವರ್ತನದ ಲೆಕ್ಕದಲ್ಲಿ ಸುಮಾರು 1420 ಮೆಗಾಹರ್ಟ್ಸ್. ಗ್ಯಾಲಕ್ಸಿ ನಮ್ಮಿಂದ ದೂರ ಸರಿಯುತ್ತಿದ್ದರೆ ಆ ಅಂಕಿ ಸ್ವಲ್ಪ ಇಳಿಯುತ್ತದೆ.

ನಕ್ಷೆ ಸ್ಫೂರ್ತಿಯ ಪಿಎಚ್.ಡಿ. ಕೆಲಸ. ಕಾಮಾಕ್ಷಿಪಾಳ್ಯದ ಹುಡುಗಿ, ಅವಳಪ್ಪ ಅಲ್ಲೇ ಒಂದು ಲೇತ್ ವರ್ಕ್‌ಶಾಪಿನಲ್ಲಿ ಟರ್ನರ್. ಅವಳಿಗೆ ಏಳನೆಯ ವರ್ಷ ನಡೆಯುತ್ತಿತ್ತು. ಆ ತಿಂಗಳ ಕೊನೆಯೊಳಗೆ ಪ್ರಬಂಧ ಕೊಡದಿದ್ದರೆ ನೋಂದಣಿ ರದ್ದು. ಧೈರ್ಯಕ್ಕಿದ್ದದ್ದು ನಕ್ಷೆಯ ಹನ್ನೊಂದು ಗ್ಯಾಲಕ್ಸಿಗಳಲ್ಲಿ ಕೊನೆಯದು. ಅದರ ಪಕ್ಕದಲ್ಲಿ ಒಂದೂ ನಕ್ಷತ್ರವಿಲ್ಲದ, ಬರೀ ಅನಿಲದ ಪುಟ್ಟ ಮೋಡವೊಂದು ಸಿಕ್ಕಿತ್ತು. ಅಂಥದ್ದು ಬಲು ಅಪರೂಪ. ಪ್ರಬಂಧದ ಮುಖ್ಯ ಅಧ್ಯಾಯವೇ ಅದು.

“ಹೆಸ್ರು ಏನಿಡ್ತೀಯೇ ಅದಕ್ಕೆ?” ಎಂದು ಊಟದ ಹೊತ್ತಿನಲ್ಲಿ ಕೇಳಿದೆ.

“ಕಾಮಾಕ್ಷಿಪಾಳ್ಯ ಮೋಡ, ಆಂಟಿ. ನಮ್ಮ ಏರಿಯಾದವ್ರಿಗೆ ಇನ್ನು ಖಾಲಿ ಸೈಟ್ ಸಿಗೋದು ಅಲ್ಲೇ” ಎನ್ನುತ್ತಾ ನನ್ನ ಡಬ್ಬಿಯ ಅವರೆಕಾಳು ಉಪ್ಪಿಟ್ಟಿಗೆ ಚಮಚ ಹಾಕಿದಳು.

ಪ್ರಬಂಧ ಕೊಡಲು ಒಂಬತ್ತು ದಿನವಿರುವಾಗ, ಅನುಬಂಧಕ್ಕೆ ಬೇಕೆಂದು ಒಂದೊಂದು ಗ್ಯಾಲಕ್ಸಿಗೂ ಬಳಸಿದ ಕ್ಯಾಲಿಬ್ರೇಟರ್‌ನ ಗ್ರಾಫ್ ಕೇಳಿದಳು. ಕ್ಯಾಲಿಬ್ರೇಟರ್ ಎಂದರೆ ತಕ್ಕಡಿಯ ತೂಕದ ಕಲ್ಲಿದ್ದ ಹಾಗೆ. ಅದು ಬಹುದೂರದ ಒಂದು ಪ್ರಖರ ರೇಡಿಯೊ ಆಕರ. ಅಕ್ಕಪಕ್ಕದ ಆವರ್ತನಗಳಲ್ಲೆಲ್ಲ ಅದರ ಬಲ ಒಂದೇ ಸಮ ಎಂದು ಗೊತ್ತಿರುವುದರಿಂದ, ಉಳಿದದ್ದನ್ನು ಅದರಿಂದ ತೂಗುತ್ತೇವೆ. ಹತ್ತು ಗ್ರಾಫ್ ನೇರವಾಗಿ ಬಂದವು. ಹನ್ನೊಂದನೆಯದರಲ್ಲಿ, 1420ರ ಹತ್ತಿರ, ಒಂದು ಸಣ್ಣ ಗುಂಡಿ.

ಮೂರು ವರ್ಷ ಹಿಂದಿನ ಪುಸ್ತಕ ತೆಗೆದೆ. ಮೊದಲ ಸಾಲಿನಲ್ಲಿ ನನ್ನದೇ ಅಕ್ಷರ: ‘ಕ್ಯಾಲಿಬ್ರೇಟರ್ ನೋಡಿದೆ, ದೋಷವಿಲ್ಲ.’ ಮುಂದಿನ ಒಂಬತ್ತು ಸಾಲಿನಲ್ಲಿ ‘ಮೇಲಿನಂತೆ’. ಆ ಒಂಬತ್ತನ್ನೂ ನೋಡಿಯೇ ಬರೆದಿದ್ದೆ. ಹನ್ನೊಂದರಲ್ಲೂ ‘ಮೇಲಿನಂತೆ’. ಅದನ್ನು ನೋಡಿರಲಿಲ್ಲ. ಅತ್ತೆಗೆ ಕಣ್ಣಿನ ಆಪರೇಷನ್ ಇದ್ದ ದಿನ ಅದು, ಬೇಗ ಹೊರಡಬೇಕಿತ್ತು.

ಮೊದಲ ಹತ್ತು ಗ್ಯಾಲಕ್ಸಿಗಳು ಜೋರಾಗಿ ದೂರ ಸರಿಯುವಂಥವು. ಹನ್ನೊಂದನೆಯದು ಹೆಚ್ಚುಕಡಿಮೆ ನಿಂತಲ್ಲೇ ನಿಂತದ್ದು, ಹಾಗಾಗಿ ಅದರ ಅಂಕಿ ಇಳಿದಿರಲಿಲ್ಲ. ನಮ್ಮ ಸ್ವಂತ ಗ್ಯಾಲಕ್ಸಿಯ ಹೈಡ್ರೋಜನ್ ಇರುವುದೂ ಅದೇ ಅಂಕಿಯಲ್ಲೇ. ಆ ಹೈಡ್ರೋಜನ್ ಕ್ಯಾಲಿಬ್ರೇಟರ್‌ಗೆ ಅಡ್ಡ ಬಂದು, ಆ ಒಂದು ಅಂಕಿಯಲ್ಲಿ ಅದರ ಅಲೆಯನ್ನು ಕೊಂಚ ನುಂಗಿತ್ತು. ತೂಕದ ಕಲ್ಲು ಸವೆದಿದ್ದರೆ ಸಾಮಾನು ಇರುವುದಕ್ಕಿಂತ ಹೆಚ್ಚು ತೂಗಿದಂತೆ ಕಾಣುತ್ತದಲ್ಲ, ಹಾಗೆ ಗ್ಯಾಲಕ್ಸಿಯ ಪಕ್ಕದಲ್ಲಿದ್ದ ಯಾವುದೋ ಸಾಮಾನ್ಯ ರೇಡಿಯೊ ಆಕರ ಆ ಅಂಕಿಯಲ್ಲಿ ಮಾತ್ರ ಉಬ್ಬಿ ಮೋಡದಂತೆ ಕಂಡಿತ್ತು.

ಎರಡು ದಿನ ಕೂತು ಸರಿಪಡಿಸಿ ನಕ್ಷೆಯನ್ನು ಮತ್ತೆ ತಯಾರಿಸಿದೆ. ಅಷ್ಟೂ ಹೊತ್ತು ಅವಳು ಎದುರಿನ ಮೇಜಿನಲ್ಲಿ ಕೃತಜ್ಞತೆಯ ಪುಟ ತಿದ್ದುತ್ತಿದ್ದಳು. “ಆಂಟಿ, ನಿಮ್ಮ ಇನಿಶಿಯಲ್ ಏನು?” ಎಂದು ಕೇಳಿದಳು. ಹೇಳಿದೆ. ಎರಡನೆಯ ದಿನ ಸಂಜೆ ನಕ್ಷೆ ಬಂತು. ಗ್ಯಾಲಕ್ಸಿ ಇತ್ತು. ಮೋಡ ಇರಲಿಲ್ಲ.

ಮರುದಿನ ಅವಳ ಗೈಡ್‌ನ ಕೋಣೆಯಲ್ಲಿ ಇಬ್ಬರಿಗೂ ಒಟ್ಟಿಗೇ ಹೇಳಿದೆ. ಸಾರ್ ಬಹಳ ಹೊತ್ತು ಗ್ರಾಫ್ ನೋಡಿದರು. “ಪರೀಕ್ಷಕರು ಇಷ್ಟು ಒಳಗೆ ಹೋಗಲ್ಲ. ‘ಖಚಿತಪಡಿಸಬೇಕಿದೆ’ ಅಂತ ಒಂದು ಲೈನ್ ಸೇರ್ಸಿ ಕೊಟ್ಬಿಡಮ್ಮ. ಆಮೇಲೆ ನೋಡ್ಕೊಳ್ಳೋಣ” ಎಂದರು.

ಸ್ಫೂರ್ತಿ ನನ್ನ ಕಡೆ ತಿರುಗಿದಳು. “ಇದ್ಯಾ ಆಂಟಿ, ಇಲ್ವಾ?”

“ಇಲ್ಲ ಕಣೇ.”

“ಇಲ್ದೇ ಇರೋದನ್ನ ಏನ್ ಖಚಿತ ಮಾಡೋದು ಸಾರ್?” ಎಂದಳು. ಆಮೇಲೆ ದನಿ ಏರಿಸದೆ ನನಗೆ ಹೇಳಿದಳು: “ನಮ್ಮಪ್ಪ ದಿನಾ ಬೆಳಿಗ್ಗೆ ಗೇಜ್ ಒರ್ಸಿ, ಚೆಕ್ ಮಾಡಿ ಆಮೇಲೇ ಲೇತ್ ಆನ್ ಮಾಡೋದು. ಓದಿರೋದು ಏಳನೇ ಕ್ಲಾಸು.”

ಅತ್ತೆಯ ಆಪರೇಷನ್ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಆ ಅಧ್ಯಾಯ ತೆಗೆದರೆ ಉಳಿದದ್ದು ಪ್ರಬಂಧಕ್ಕೆ ಸಾಲದು ಎಂದು ಕೇಂದ್ರದ ಪಿಎಚ್.ಡಿ. ಸಮಿತಿ ಹೇಳಿತು. ತಪ್ಪು ನನ್ನದೆಂದು ಬರೆದುಕೊಟ್ಟು, ಅವಳಿಗೆ ಅವಧಿ ಕೊಡಿ ಎಂದು ಕೇಳಿಕೊಂಡೆ. ನಿಯಮದಲ್ಲಿ ಅವಕಾಶವಿಲ್ಲ ಎಂಬ ಉತ್ತರ ಬಂತು. ತಿಂಗಳ ಕೊನೆಗೆ ನೋಂದಣಿ ರದ್ದಾಯಿತು. ನನಗೊಂದು ಮೆಮೊ ಬಂತು, ಅಷ್ಟೇ. ಅವಳೀಗ ಶ್ರೀಗಂಧದ ಕಾವಲ್‌ನ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಾಳೆ. ಒಮ್ಮೆ ಬಸ್ ಸ್ಟಾಪಿನಲ್ಲಿ ಸಿಕ್ಕಾಗ “ಚೆನ್ನಾಗಿದೀರಾ ಮೇಡಂ?” ಎಂದಳು.

ತಪ್ಪು ಒಪ್ಪಿಕೊಂಡರೆ ಅದು ಸರಿಹೋಗುತ್ತದೆ ಎಂದು ನಂಬಿದ್ದವಳು ನಾನು. ನಕ್ಷೆಯ ಮಟ್ಟಿಗೆ ಅದು ನಿಜ. ಉಳಿದದ್ದನ್ನು ಈ ಕೆಲಸ ಕಲಿಸಿತು: ನಾನು ನೋಡದೆ ಬಿಟ್ಟದ್ದರ ಮೇಲೆ ಇನ್ನೊಬ್ಬರು ವರ್ಷಗಟ್ಟಲೆ ಕಟ್ಟುತ್ತಾರೆ, ಕೆಡವುವ ದಿನ ಬಂದಾಗ ಬೀಳುವುದು ಅವರದು, ನನ್ನದಲ್ಲ. ನಕ್ಷೆ ಕೊನೆಗೆ ಅಚ್ಚಾಯಿತು. ಆ ಗ್ಯಾಲಕ್ಸಿಯ ಪಕ್ಕ ಬರಿಯ ಕಪ್ಪು. ಸರಿಯಾಗಿಯೇ ಇದೆ. ನೋಡಿದವರಿಗೆ ಅಲ್ಲಿ ಎಂದೂ ಏನೂ ಇರಲಿಲ್ಲ ಎಂದಷ್ಟೇ ತಿಳಿಯುತ್ತದೆ.