ಸಮುದ್ರ ತುಂಬಿದ ಉಡಿ

ಇವತ್ತು ಗೇರುಹಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಸಾಂಬ್ರಾಣಿ ಎಂಬ ಊರಿನ ಪುಟ್ಟ ಹುಡುಗಿಯಾದೆ! ಕಾರವಾರದ ಆಚೆಯ ಇದೇ ಕೆಂಪು ಕಾಲುದಾರಿಯಲ್ಲಿ, ಗೇರುಮರಗಳ ಸಂದಿಯಿಂದ ಸಮುದ್ರದ ಸದ್ದು ಕೇಳಿದೊಡನೆ ಅಜ್ಜಿಯ ಕೈ ಜಗ್ಗುತ್ತ ಓಡಿದ್ದೆ.

ದಂಡೆಯಲ್ಲಿ ನಾವಿಬ್ಬರೇ. ಊರ ಹೊಳೆಗೆ ಬಿಡುವಂತೆ ಅಜ್ಜಿ ತೆಂಗಿನಕಾಯಿಯನ್ನು ನೀರಿಗೆ ಬಿಟ್ಟಳು. ಹೊಳೆಯಾಗಿದ್ದರೆ ಒಯ್ಯುತ್ತಿತ್ತು, ಇಲ್ಲಿ ಅಲೆ ಅದನ್ನು ಅವಳ ಕಾಲ ಬುಡಕ್ಕೇ ತಂದು ಹಾಕಿತು. ಮತ್ತೆ ಬಿಟ್ಟರೂ ಮತ್ತೆ ಬಂತು.

ಅಜ್ಜಿಯ ಮುಖ ಸಪ್ಪಗಾಯಿತು. "ಯಾಕವ್ವಾ ಗಂಗವ್ವಾ, ನನ್ನ ಕಾಯಿ ಬ್ಯಾಡೇನು?"

"ಅಜ್ಜೀ, ಆಕಿ ನಿನಗ ಉಡಿ ತುಂಬಾಕತ್ತಾಳ! ಸೆರಗ ಒಡ್ಡು!" ಎಂದು ನಾನು ಕುಣಿದೆ.

ಅಜ್ಜ ತೀರಿಕೊಂಡ ಮೇಲೆ ಅವಳಿಗೆ ಯಾರೂ ಉಡಿ ತುಂಬಿರಲಿಲ್ಲ. ಅಜ್ಜಿ ಸುತ್ತ ನೋಡಿ, ಮೆಲ್ಲಗೆ ಸೆರಗೊಡ್ಡಿದಳು.

ಈಗ ನನ್ನವರೂ ಇಲ್ಲ. ನನಗೂ ಯಾರೂ ಉಡಿ ತುಂಬುವುದಿಲ್ಲ. ಅದೇ ದಂಡೆಯಲ್ಲಿ ಕಾಯಿ ಬಿಟ್ಟು, ಸೆರಗೊಡ್ಡಿ ನಿಂತಿದ್ದೇನೆ. ಅಗೋ, ಅಲೆ ಬಂತು!