ತೊಟ್ಟಿಯಲ್ಲಿ ಹಿಡಿಸೂಡಿ ಕಡ್ಡಿ

ಕನ್ನಡಕಕ್ಕೆ ಕಟ್ಟಿದ ಕರಿ ದಾರ ತೊಟ್ಟಿಯ ನೀರಿಗೆ ತಾಗುವಷ್ಟು ಬಗ್ಗಿ, ಮೊಣಕೈತನಕ ಒದ್ದೆ ಮಾಡಿಕೊಂಡು ನಿಂತಿರುತ್ತಿದ್ದರು ಬ್ಯಾಂಕ್ ಮೇಡಂ. ವಡೋದರದ ಅಲ್ಕಾಪುರಿಯಲ್ಲಿ ನಮ್ಮ ಹೋಟೆಲಿನ ಮೇಲಿನ ಮನೆ ಅವರದು. ಧಾರವಾಡ ಕಡೆಯವರು, ಒಬ್ಬರೇ ಇದ್ದರು. ನಾವು ಹಿಂದೆ ಅಕ್ಕಿ ನೆನೆಸುತ್ತಿದ್ದ ಸಿಮೆಂಟ್ ತೊಟ್ಟಿಯೊಂದು ತಾರಸಿಯಲ್ಲಿ ಬಿದ್ದಿತ್ತು. ಆ ಮಳೆಗಾಲ ಅದರಲ್ಲಿ ನೀರು ನಿಂತು, ಹೊಂಬಣ್ಣದ ಏರೋಪ್ಲೇನ್ ಚಿಟ್ಟೆಗಳು ಬಾಲದ ತುದಿ ಅದ್ದಿ ಅದ್ದಿ ಮೊಟ್ಟೆಯಿಟ್ಟು ಹೋದವು. ಅಲ್ಲಿಂದ ಮೇಡಂ ತಾರಸಿ ಬಿಟ್ಟು ಇಳಿದರೆ ಕೇಳಿ.

ಮರಿ ತೋರಿಸಿದಾಗ ನನಗೆ ಹೇಸಿಗೆಯೇ ಆಯಿತು. ಕೆಸರಿನ ಬಣ್ಣ, ಉಬ್ಬಿದ ಕಣ್ಣು, ರೆಕ್ಕೆಯ ಸುಳಿವಿಲ್ಲ. ಕೆಳದವಡೆಯನ್ನು ಕೈಯ ಹಾಗೆ ಚಾಚಿ ಸೊಳ್ಳೆಮರಿಯನ್ನು ಗಬಕ್ಕನೆ ಹಿಡಿಯುತ್ತಿತ್ತು.

"ಎಂತ ಮೇಡಂ, ಇದನ್ನು ಸಾಕುವುದಾ?" ಎಂದೆ.

"ನಾ ಏನ ಸಾಕ್ತೀನ್ರಿ, ತಮ್ಮ ಊಟ ತಾವ ನೋಡ್ಕೋತಾವ. ಹೋದ ಊರಾಗೆಲ್ಲಾ ಗಿಡ ಹಚ್ಚೇನಿ. ಒಂದರ ಹಣ್ಣೂ ತಿಂದಿಲ್ಲ, ಅಷ್ಟರಾಗ ವರ್ಗ. ಇವು ಲಗೂ ಬೆಳೀತಾವ. ಇವಾದರೂ ಹಾರೂದು ನೋಡಬೇಕು."

ಒಂದು ದಿನ ಡೆಂಗ್ಯೂ ತಪಾಸಣೆಯವನು ಟಾರ್ಚ್ ಹಿಡಿದು ಬಂದ. ಹೋಟೆಲಿಗೆ ಕೆಟ್ಟ ಹೆಸರು ಬೇಡ, ಚೆಲ್ಲಿಬಿಡಿ ಎಂದು ನಾನೂ ಹೇಳಿದೆ. ಮೇಡಂ ತೊಟ್ಟಿಗೆ ಅಡ್ಡ ನಿಂತರು. "ಏಕ್ ಮಚ್ಛರ್ ಕಾ ಬಚ್ಚಾ ದಿಖಾವೋ, ಮೈಂ ಖುದ್ ಫೇಂಕ್ ದೂಂಗಿ." ಒಂದು ಸೊಳ್ಳೆಮರಿ ತೋರಿಸು, ನಾನೇ ಚೆಲ್ಲುತ್ತೇನೆ ಎಂದು ಸವಾಲು ಹಾಕಿದರು.

ಮೂಲೆ ಮೂಲೆ ಹುಡುಕಿದರೂ ಅವನಿಗೆ ಒಂದೂ ಸೊಳ್ಳೆಮರಿ ಸಿಗಲಿಲ್ಲ. ತಲೆ ಕೆರೆದುಕೊಂಡು ಇಳಿದು ಹೋದ.

ಮರಿಗಳ ಬೆನ್ನ ಮೇಲೆ ರೆಕ್ಕೆಯ ಚೀಲ ಉಬ್ಬುತ್ತಿದ್ದಾಗಲೇ ಮೇಡಂಗೆ ಸೂರತ್‌ಗೆ ವರ್ಗವಾಯಿತು. ಇನ್ನೊಂದು ವಾರ ಸಮಯ ಕೇಳಿದರು, ಬ್ಯಾಂಕಿನವರು ಕೊಡಲಿಲ್ಲ. ಹೊರಡುವ ದಿನ ನನ್ನಿಂದ ತೆಂಗಿನ ಹಿಡಿಸೂಡಿ ಪೊರಕೆ ಇಸಿದುಕೊಂಡು, ಕಡ್ಡಿ ಕಿತ್ತು ತೊಟ್ಟಿಯ ತುಂಬ ನಿಲ್ಲಿಸಿದರು. "ಮ್ಯಾಲ ಹತ್ತಾಕ ಏನರ ಬೇಕಲ್ಲ. ನೀವರ ನೋಡ್ರಿ," ಎಂದು ಆಟೋ ಹತ್ತಿದರು.

ಕೆಲವು ದಿನ ಕಳೆದು ಬೆಳಿಗ್ಗೆ ಬಟ್ಟೆ ಒಣಗಿಸಲು ಹೋದಾಗ ಕಡ್ಡಿಯೊಂದರ ಮೇಲೆ ಮರಿಯ ಬೆನ್ನು ಬಿರಿಯುತ್ತಿತ್ತು. ಮೇಡಂಗೆ ವಿಡಿಯೋ ಕಾಲ್ ಮಾಡಿದೆ. ಪೇಲವ ಮೈ ಹೊರಗೆ ಜಾರಿತು. ಒದ್ದೆ ಕಾಗದದಂತೆ ಮುದುಡಿದ್ದ ರೆಕ್ಕೆ ಮೆಲ್ಲಗೆ ಬಿಡಿಸಿಕೊಂಡಿತು. ಸಾಂಬಾರು ತಳ ಹಿಡಿಯಿತೆಂದು ಕೆಳಗಿನಿಂದ ನನ್ನ ಗಂಡ ಕೂಗಿದರು. ಕೂಗಲಿ ಎಂದು ಫೋನು ಹಿಡಿದೇ ನಿಂತೆ. ಮೈ ಹಳದಿಗೇರಿತು, ರೆಕ್ಕೆ ಅದುರಿತು, ಹಾರಿತು. ಪೊರೆ ಕಡ್ಡಿಗೇ ಅಂಟಿಕೊಂಡು ಉಳಿಯಿತು.

"ಬ್ಯಾಂಕಿಗೆ ತಡ ಆತು. ಆಗಲಿ ಬಿಡ್ರಿ," ಎಂದು ಮೇಡಂ ಮೂಗು ಒರೆಸಿಕೊಂಡರು.

ಮರುವರ್ಷ ಸೂರತ್‌ನಲ್ಲೇ ಎದೆನೋವು ಬಂದು ತೀರಿಕೊಂಡರು. ತೊಟ್ಟಿ ಇದೆ. ಮಳೆ ಶುರುವಾದೊಡನೆ ಹೊಸ ಕಡ್ಡಿ ನಿಲ್ಲಿಸುತ್ತೇನೆ. ಈ ಸಲ ತಪಾಸಣೆಗೆ ಯಾರೋ ಹೊಸಬ ಬಂದಿದ್ದ. ನನ್ನ ಹಿಂದಿ ಅಷ್ಟಕ್ಕಷ್ಟೆ. ಆದರೂ ತೊಟ್ಟಿಗೆ ಅಡ್ಡ ನಿಂತು, "ಏಕ್ ಮಚ್ಛರ್ ಕಾ ಬಚ್ಚಾ ದಿಖಾವೋ," ಎಂದೆ.